ಕಥೆ ಹೇಳಬೇಕಾಗಿಲ್ಲದ ಜಾಗ

ಓದುಗರ ಪ್ರಶ್ನೆಗಳಿಗೆ ಉತ್ತರ: ಅಮೂರ್ತ ಚಿತ್ರಕಲೆ

ಪ್ರಶ್ನೆ: ನಾನು ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ. ನಮ್ಮ ಸಣ್ಣ ಕಾಫಿ ತೋಟದ ಮನೆಯಲ್ಲಿ ಒಬ್ಬಳೇ ಇದ್ದೇನೆ. ಯಜಮಾನರು ತೀರಿಕೊಂಡು ಎರಡು ವರ್ಷವಾಯಿತು. ಬಂದವರಿಗೆಲ್ಲ ಆ ದಿನದ ಸಂಗತಿಯನ್ನು ಮೊದಲಿನಿಂದ ಹೇಳಿ ಹೇಳಿ ಅದು ಬೇರೆ ಯಾರದೋ ಕಥೆಯಂತೆ ಆಗಿಬಿಟ್ಟಿದೆ. ಕಳೆದ ಬೇಸಿಗೆಯಲ್ಲಿ ಮಗನ ಮನೆಗೆ ಹೋಗಿದ್ದಾಗ ಅವನು ಬೆಂಗಳೂರಿನ ಅರಮನೆ ರಸ್ತೆಯಲ್ಲಿರುವ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಗೆ ಕರೆದುಕೊಂಡು ಹೋದ. ಅಲ್ಲಿ ಬೂದಿ ಮತ್ತು ಮಂಕು ಹಳದಿ ಬಣ್ಣಗಳಷ್ಟೇ ಇದ್ದ, ಮನುಷ್ಯನಾಗಲಿ ಮರವಾಗಲಿ ಇಲ್ಲದ ಒಂದು ದೊಡ್ಡ ಚಿತ್ರದ ಮುಂದೆ ಅರ್ಧ ಗಂಟೆ ಕುಳಿತೆ, ಕಣ್ಣಲ್ಲಿ ನೀರು ಬಂತು. "ಏನು ಅರ್ಥವಾಯಿತಮ್ಮ?" ಎಂದು ಮಗ ಕೇಳಿದಾಗ ಹೇಳಲು ಏನೂ ಇರಲಿಲ್ಲ. ಊರಿಗೆ ಬಂದ ಮೇಲೆ ಮೊಮ್ಮಗಳು ಬಿಟ್ಟುಹೋದ ಬಣ್ಣಗಳನ್ನು ತೆಗೆದು ನಾನೂ ಹಾಳೆಯ ಮೇಲೆ ಹಚ್ಚುತ್ತಿದ್ದೇನೆ. ನೋಡಿದ ನೆಂಟರು ನಗುತ್ತಾರೆ. ಅರ್ಥವಾಗದ ಚಿತ್ರ ನನ್ನನ್ನು ಅಳಿಸಿದ್ದು ಹೇಗೆ? ನಾನು ಮಾಡುತ್ತಿರುವುದು ನನ್ನನ್ನು ನಾನೇ ನಂಬಿಸಿಕೊಳ್ಳುವ ಆಟವೇ?
— ಒಬ್ಬ ಓದುಗರು, ವಿರಾಜಪೇಟೆ ತಾಲ್ಲೂಕು

ಉತ್ತರ: ಅಮ್ಮ, ನಿಮ್ಮ ಮಗ ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ಚಿತ್ರವೆಂದ ಮೇಲೆ ಅದರಲ್ಲೊಂದು ಮನೆಯೋ ಮರವೋ ಮುಖವೋ ಇರಬೇಕು, ನೋಡಿದವರು ಅದನ್ನು ಗುರುತಿಸಿ ಹೆಸರು ಹೇಳಬೇಕು ಎಂದು ಶಾಲೆಯಲ್ಲಿ ಕಲಿಸಿದವರು ನಾವೇ. ಮಡಿಕೇರಿಯ ಶಾಲೆಯೊಂದರಲ್ಲಿ ಚಿತ್ರಕಲಾ ಶಿಕ್ಷಕನಾಗಿದ್ದಷ್ಟು ವರ್ಷವೂ ಮಕ್ಕಳ ಹಾಳೆಯನ್ನು ಎತ್ತಿ ಹಿಡಿದು ನಾನು ಮೊದಲು ಕೇಳುತ್ತಿದ್ದ ಮಾತು "ಇದೇನು?" ಎಂಬುದೇ ಆಗಿತ್ತು. ಉತ್ತರ ಹೊಳೆಯದೆ ಹಾಳೆಯನ್ನು ಮಡಚಿ ಚೀಲದೊಳಗೆ ಸೇರಿಸಿಬಿಟ್ಟ ಮಕ್ಕಳ ನೆನಪು ಈಗ ನನ್ನನ್ನು ಚುಚ್ಚುತ್ತದೆ.

ನೀವು ಅತ್ತದ್ದೇಕೆ ಎಂಬುದಕ್ಕೆ ಕಾರಣ ನಿಮ್ಮ ಪತ್ರದಲ್ಲಿಯೇ ಇದೆ ಎಂದು ನನಗನಿಸುತ್ತದೆ. ಸಾವಾದ ಮನೆಯಲ್ಲಿ ಉಳಿದವರ ಪಾಲಿಗೆ ಬರುವ ಕೆಲಸಗಳಲ್ಲಿ ತುಂಬ ದಣಿಸುವುದು ಕಥೆ ಹೇಳುವ ಕೆಲಸ. ಎಷ್ಟು ಹೊತ್ತಿಗೆ ಆಯಿತು, ಯಾವ ಆಸ್ಪತ್ರೆ, ಕೊನೆಗೆ ಏನಾದರೂ ಮಾತಾಡಿದರಾ ಎಂದು ಬಂದವರು ಪ್ರೀತಿಯಿಂದಲೇ ಕೇಳುತ್ತಾರೆ, ನಾವೂ ಹೇಳುತ್ತೇವೆ, ಹೇಳಿದಷ್ಟೂ ಮಾತು ನಯವಾಗುತ್ತ ಹೋಗಿ ದುಃಖ ಮಾತ್ರ ಅದರ ಕೆಳಗೆ ಹಾಗೆಯೇ ಉಳಿದುಬಿಡುತ್ತದೆ. ಆ ಚಿತ್ರದಲ್ಲಿ ಒಂದು ಮುಖವಿದ್ದಿದ್ದರೆ, ಅದು ಯಾರ ಮುಖ, ಅವರಿಗೇನಾಯಿತು ಎಂದು ನೀವು ಮತ್ತೊಂದು ಕಥೆಯೊಳಗೆ ಹೋಗಬೇಕಾಗುತ್ತಿತ್ತು. ಬೂದಿ ಮತ್ತು ಹಳದಿ ನಿಮ್ಮನ್ನು ಏನೂ ಕೇಳಲಿಲ್ಲ, ತಮ್ಮ ಕಥೆಯನ್ನೂ ಹೇಳಲಿಲ್ಲ. ಎರಡು ವರ್ಷಗಳಲ್ಲಿ ಮೊದಲ ಬಾರಿಗೆ ಯಾರಿಗೂ ಏನನ್ನೂ ವಿವರಿಸದೆ ನೀವು ಅರ್ಧ ಗಂಟೆ ಕುಳಿತಿರಿ. ಕಣ್ಣೀರಿಗೆ ಅಷ್ಟು ಬಿಡುವು ಸಾಕಾಯಿತು.

ನಿಮ್ಮ ಮನಸ್ಸನ್ನು ನಾನು ಬಲ್ಲೆನೆಂಬ ಧೈರ್ಯದಿಂದ ಇದನ್ನು ಬರೆಯುತ್ತಿಲ್ಲ. ನನಗೆ ಆದದ್ದನ್ನು ನೆನೆದು ಬರೆಯುತ್ತಿದ್ದೇನೆ. 2018ರ ಆಗಸ್ಟ್‌ನಲ್ಲಿ ಮಡಿಕೇರಿಯ ಸುತ್ತಲಿನ ಗುಡ್ಡಗಳು ಕುಸಿಯುವವರೆಗೆ ನಾನು ಬೆಟ್ಟ, ಮಂಜು, ಗದ್ದೆಗಳ ನಿಸರ್ಗಚಿತ್ರ ಬರೆಯುತ್ತಿದ್ದವನು. ರಾಜಾಸೀಟಿನಿಂದ ಕಾಣುವ ಬೆಟ್ಟದ ಸಾಲನ್ನು ಕಣ್ಣು ಮುಚ್ಚಿಕೊಂಡು ಬರೆಯುವಷ್ಟು ಕೈ ಪಳಗಿತ್ತು. ಮಳೆ ನಿಂತ ಮೇಲೆ ಮಕ್ಕಂದೂರಿನ ಕಡೆ ಹೋಗಿ ನೋಡಿದರೆ ಹಸಿರು ಬೆಟ್ಟದ ಮೈಮೇಲೆ ತುದಿಯಿಂದ ಬುಡದವರೆಗೆ ಕೆಂಪು ಮಣ್ಣಿನ ಗೀರು. ತೋಟ ಎಲ್ಲಿತ್ತು, ದಾರಿ ಎಲ್ಲಿತ್ತು ಎಂದು ಅಲ್ಲೇ ಹುಟ್ಟಿ ಬೆಳೆದವರೂ ಬೆರಳು ತೋರಿಸಿ ಹೇಳಲಾರದೆ ನಿಂತಿದ್ದರು. ಅನಂತರ ಹಲವು ತಿಂಗಳು ಬೆಟ್ಟದ ರೇಖೆ ಎಳೆಯಲು ಕೂತರೆ ಕೈ ಓಡುತ್ತಿರಲಿಲ್ಲ. ಚಂದದ ಬೆಟ್ಟ ಬರೆದರೆ ಸುಳ್ಳು ಹೇಳಿದಂತೆ, ಕುಸಿದ ಬೆಟ್ಟ ಬರೆದರೆ ಕಳೆದುಕೊಂಡವರ ಸಂಕಟಕ್ಕೆ ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕಿದಂತೆ.

ಕೊನೆಗೊಂದು ರಾತ್ರಿ ಹಾಳೆಯ ಉದ್ದಕ್ಕೂ ಒಂದೇ ಒಂದು ಕೆಂಪು ಪಟ್ಟಿ ಎಳೆದೆ. ಒಣಗಿದ ಮೇಲೆ ಅದರ ಮೇಲೆಯೇ ಇನ್ನೊಂದು, ತೆಳುವಾಗಿ. ಹದಿನೈದು ದಿನ ಅದನ್ನೇ ಮಾಡಿದೆ. ಕಾವಿಯ ಕೆಂಪು, ಇಟ್ಟಿಗೆಯ ಕೆಂಪು, ಕಪ್ಪು ಬೆರೆತ ಕೆಂಪು ಒಂದರ ಮೇಲೊಂದು ಕೂತು, ಅಂಚಿನಲ್ಲಿ ಮಾತ್ರ ಕೆಳಗಿನ ಪದರ ಕೂದಲೆಳೆಯಷ್ಟು ಇಣುಕುತ್ತಿತ್ತು. ಆ ಅಂಚನ್ನು ನೋಡುತ್ತ ಕೂತಾಗಲೇ ನಾನು ಹೆದರಿದ್ದೆ ಎಂಬುದು ನನಗೆ ತಿಳಿದದ್ದು. ಅಲ್ಲಿಯವರೆಗೆ ಎಲ್ಲರ ಜೊತೆ ಪರಿಹಾರ ಕೇಂದ್ರದಲ್ಲಿ ಅಕ್ಕಿ ಹಂಚುತ್ತ, ಇತರರಿಗೆ ಧೈರ್ಯ ಹೇಳುತ್ತ ಓಡಾಡಿದ್ದೆ. ನನ್ನ ಹೆದರಿಕೆಗೆ ಕೂರಲು ಒಂದು ಮಣೆಯನ್ನೂ ಹಾಕಿರಲಿಲ್ಲ.

ಇಂಥ ಒಂದು ಜಾಗವನ್ನು ಕಟ್ಟಡವಾಗಿಯೇ ಕಟ್ಟಿದ ಉದಾಹರಣೆ ಅಮೆರಿಕದ ಹ್ಯೂಸ್ಟನ್ ನಗರದಲ್ಲಿದೆ. ಮಾರ್ಕ್ ರಾಥ್ಕೊ ಎಂಬ ಕಲಾವಿದರು ಬರೆದ 14 ದೊಡ್ಡ ಕ್ಯಾನ್ವಾಸ್‌ಗಳನ್ನು ಎಂಟು ಮೂಲೆಯ ಒಂದು ಪ್ರಾರ್ಥನಾ ಮಂದಿರದ ಗೋಡೆಗಳಿಗೆ ಹಾಕಿ 1971ರಲ್ಲಿ ತೆರೆದರು. ಯಾವ ಧರ್ಮದವರೂ, ಯಾವ ಧರ್ಮವೂ ಇಲ್ಲದವರೂ ಅಲ್ಲಿ ಹೋಗಿ ಬೆಂಚಿನ ಮೇಲೆ ಸುಮ್ಮನೆ ಕೂರಬಹುದು. ಚಿತ್ರಗಳಲ್ಲಿರುವುದು ಕಪ್ಪು ಮತ್ತು ಕಪ್ಪಿಗೆ ತಿರುಗಿದ ನೇರಳೆ ಮಾತ್ರ. ಬೆಳಕು ಮೇಲಿನಿಂದ ಬೀಳುವುದರಿಂದ ಮೋಡ ಸರಿದಂತೆ ಆ ಕಪ್ಪು ಬದಲಾಗುತ್ತದೆ. ಇದನ್ನು ನಿಮಗೆ ವಿವರಿಸುವುದು ಸುಲಭ, ಏಕೆಂದರೆ ಕಕ್ಕಡ ಹದಿನೆಂಟರಂದು, ಅಂದರೆ ನಮ್ಮ ಮಳೆಗಾಲದ ಕಕ್ಕಡ ತಿಂಗಳ ಹದಿನೆಂಟನೆಯ ದಿನ, ಔಷಧಿಯೆಂದು ಮದ್ದು ಸೊಪ್ಪು ಬೇಯಿಸಿದ ನೀರನ್ನು ನೀವು ನೋಡಿದವರು. ಪಾತ್ರೆಯಲ್ಲಿರುವಾಗ ಮಸಿಯಂತೆ ಕಾಣುವುದನ್ನು ಲೋಟಕ್ಕೆ ಬಗ್ಗಿಸಿ ಕಿಟಕಿಯ ಬೆಳಕಿಗೆ ಹಿಡಿದರೆ ಒಳಗಿನಿಂದ ನೇರಳೆ ಎದ್ದು ಬರುತ್ತದಲ್ಲ, ಅಂಥದು. ಬಣ್ಣ ಅಲ್ಲಿಯೇ ಇತ್ತು. ನೋಡುವವರು ಅಷ್ಟು ಹೊತ್ತು ನಿಲ್ಲಬೇಕಾಗಿತ್ತು.

ಆದರೆ ಇದೇ ರಾಥ್ಕೊ, ಇಷ್ಟು ಜನರಿಗೆ ಕೂರಲು ನೆಮ್ಮದಿಯ ಜಾಗ ಮಾಡಿಕೊಟ್ಟವರು, ಖಿನ್ನತೆಯಿಂದ ಬಳಲಿ 1970ರಲ್ಲಿ, ಆ ಮಂದಿರ ತೆರೆಯುವುದಕ್ಕೂ ಮೊದಲೇ, ತಮ್ಮ ಜೀವವನ್ನು ತಾವೇ ಕಳೆದುಕೊಂಡರು. ಚಿತ್ರ ಬರೆಯುವುದರಿಂದ ಎಲ್ಲವೂ ವಾಸಿಯಾಗುತ್ತದೆ ಎಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಬದುಕಿ ಏನು ಎಂಬ ಮಾತು ಮನಸ್ಸಿನಲ್ಲಿ ಸುಳಿದರೆ ಬಣ್ಣವನ್ನು ಪಕ್ಕಕ್ಕಿಟ್ಟು ಮಗನಿಗೆ ಹೇಳಿ, ವೈದ್ಯರನ್ನು ನೋಡಿ. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲಿಯೇ ಮಾತಾಡಬಹುದು. ಏಕಾಂತ ಬೇಕೆನ್ನುವವರು ಸಹಾಯ ಕೇಳಬಾರದೆಂಬ ನಿಯಮ ಎಲ್ಲಿಯೂ ಇಲ್ಲ.

ಇನ್ನು ಇದು ಆಟವೇ ಎಂಬ ನಿಮ್ಮ ಪ್ರಶ್ನೆ. ಹಾಳೆ ನಿಮಗೆ ಗೊತ್ತಿದ್ದದ್ದನ್ನೇ ತಿರುಗಿ ಹೇಳುತ್ತಿದ್ದರೆ ಆಟವಿರಬಹುದು. ಗೊತ್ತಿಲ್ಲದ ಏನನ್ನೋ ಒಮ್ಮೊಮ್ಮೆಯಾದರೂ ಎದುರಿಗಿಡುತ್ತಿದ್ದರೆ ಖಂಡಿತ ಆಟವಲ್ಲ. ಅದಕ್ಕಾಗಿ ಸ್ವಲ್ಪ ಕಟ್ಟುನಿಟ್ಟು ಬೇಕು. ಒಂದು ತಿಂಗಳು ಒಂದೇ ಅಳತೆಯ ಹಾಳೆ, ಎರಡೇ ಬಣ್ಣ, ಪ್ರತಿದಿನ ಒಂದೇ ಹೊತ್ತು ಎಂದು ಇಟ್ಟುಕೊಳ್ಳಿ. ಆಯ್ಕೆ ಕಡಿಮೆಯಾದಷ್ಟೂ ಕೈಯ ಭಾರ, ಆತುರ, ಹಿಂಜರಿಕೆ ನಿಚ್ಚಳವಾಗಿ ಕಾಣುತ್ತವೆ. ಬರೆದ ಹಾಳೆಯನ್ನು ಗೋಡೆಗೆ ಒರಗಿಸಿ, ಬೇಕಾದರೆ ಅಡ್ಡಲಾಗಿ ತಿರುಗಿಸಿ, ಸಂಜೆಯ ಮಬ್ಬಿನಲ್ಲಿ ನೋಡಿ. ಮ್ಯೂನಿಕ್ ನಗರದಲ್ಲಿದ್ದ ರಷ್ಯಾದ ಕಲಾವಿದ ಕ್ಯಾಂಡಿನ್‌ಸ್ಕಿಗೆ ದಾರಿ ತೋರಿದ್ದು ಅಂಥದೇ ಒಂದು ಮುಸ್ಸಂಜೆ. ಹೊರಗಿನಿಂದ ಬಂದು ಕೋಣೆಯ ಬಾಗಿಲು ತೆರೆದವರಿಗೆ ಯಾವ ವಸ್ತುವೂ ಇಲ್ಲದ, ಬರೀ ಬಣ್ಣ ಮತ್ತು ಆಕಾರಗಳ ಅಪೂರ್ವ ಚಿತ್ರವೊಂದು ಕಂಡಿತು. ಹತ್ತಿರ ಹೋದರೆ ಅದು ಅಡ್ಡಲಾಗಿ ನಿಲ್ಲಿಸಿದ್ದ ತಮ್ಮದೇ ಚಿತ್ರವಾಗಿತ್ತು. ಮರುದಿನ ಹಗಲಿನಲ್ಲಿ ಹಾಗೆ ನೋಡಲು ಹೊರಟರೆ ಚಿತ್ರದೊಳಗಿನ ವಸ್ತುಗಳೇ ಕಣ್ಣಿಗೆ ಅಡ್ಡ ಬಂದವು ಎಂದು ಅವರು ಬರೆದಿದ್ದಾರೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ದೀಪ ಹಚ್ಚಿಟ್ಟುಕೊಂಡ ಎಷ್ಟೋ ಸಂಜೆಗಳು ನಿಮಗಿವೆ. ಅವುಗಳನ್ನು ಬಳಸಿಕೊಳ್ಳಿ.

ನೆಂಟರು ನಕ್ಕರೆ ನಗಲಿ, ಆದರೆ ಅವರಿಗೆ ವಿವರಣೆ ಕೊಡಲು ಹೋಗಬೇಡಿ. ಕೊಟ್ಟರೆ ಅದೂ ಹೇಳಿ ಹೇಳಿ ಸವೆಯುವ ಇನ್ನೊಂದು ಕಥೆಯಾಗಿಬಿಡುತ್ತದೆ.

ಪ್ರಶ್ನೆ: ಅಮೂರ್ತ ಚಿತ್ರವನ್ನು ಯಾರು ಬೇಕಾದರೂ ಬರೆಯಬಹುದಲ್ಲವೇ ಸರ್? ಬಣ್ಣ ಚೆಲ್ಲಿ ಅದನ್ನು ಆತ್ಮಾವಲೋಕನ ಎಂದು ಕರೆದರೆ ಕಲೆಯಾಗುತ್ತದೆಯೇ?
— ಪದವಿ ವಿದ್ಯಾರ್ಥಿ, ಕುಶಾಲನಗರ

ಉತ್ತರ: ಯಾರು ಬೇಕಾದರೂ ಆರಂಭಿಸಬಹುದು, ಅದು ಅದರ ಒಳ್ಳೆಯ ಗುಣ. ಪೊಳ್ಳಾದ ಅಮೂರ್ತ ಚಿತ್ರಗಳು ಬೇಕಾದಷ್ಟಿವೆ ಎಂಬುದನ್ನೂ ಒಪ್ಪುತ್ತೇನೆ. ಹತ್ತು ನಿಮಿಷ ಎದುರು ಕೂತರೆ ಅವು ಬರಿದಾಗುತ್ತವೆ, ಮತ್ತೆ ಹೋಗಿ ನೋಡಬೇಕೆನಿಸುವುದಿಲ್ಲ. ಆದರೆ ಈ ದಾರಿಯಲ್ಲಿ ಕೊನೆಯವರೆಗೆ ನಡೆದವರ ಕೆಲಸವನ್ನು ನೋಡಿ ತೀರ್ಮಾನಕ್ಕೆ ಬನ್ನಿ.

ನಾಗಪುರದಲ್ಲಿ 1924ರಲ್ಲಿ ಹುಟ್ಟಿದ ವಿ. ಎಸ್. ಗಾಯತೊಂಡೆ ತಮ್ಮ ಚಿತ್ರಗಳನ್ನು ಅಮೂರ್ತ ಎಂದು ಕರೆಯುವುದನ್ನೇ ಒಪ್ಪುತ್ತಿರಲಿಲ್ಲ. ಅವು ವಸ್ತುರಹಿತ ಚಿತ್ರಗಳು ಎನ್ನುತ್ತಿದ್ದರು. ದೆಹಲಿಯಲ್ಲಿ ಒಬ್ಬರೇ ಇದ್ದು ವರ್ಷಕ್ಕೆ ಬೆರಳೆಣಿಕೆಯಷ್ಟು ಚಿತ್ರ ಮಾತ್ರ ಮಾಡುತ್ತಿದ್ದರು. ಉಳಿದ ದಿನಗಳು ಖಾಲಿ ಕ್ಯಾನ್ವಾಸ್ ನೋಡುತ್ತ, ಸುಮ್ಮನೆ ಕೂತು ಕಾಯುವುದಕ್ಕೆ. ಬಣ್ಣವನ್ನು ರೋಲರ್‌ನಿಂದ ಹರಡಿ, ಚಾಕುವಿನಿಂದ ಕೆರೆದು, ಮತ್ತೆ ಹರಡಿ ಪದರ ಪದರವಾಗಿ ಅವರು ತಂದ ಬೆಳಕು ಚೆಲ್ಲಿದ ಬಣ್ಣಕ್ಕೆ ಬರುವುದಿಲ್ಲ. ಬರೋಡದ ವಿಶ್ವವಿದ್ಯಾಲಯದಲ್ಲಿ 1972ರಿಂದ ಕಲಿಸುತ್ತಿದ್ದ ನಸ್ರೀನ್ ಮೊಹಮದಿ ಬಣ್ಣವನ್ನೂ ಬಿಟ್ಟರು. ಶಾಯಿ, ಪೆನ್ಸಿಲ್, ಅಳತೆಯ ಉಪಕರಣ, ಬಿಳಿ ಹಾಳೆ, ಇಷ್ಟೇ. ಕೊನೆಯ ವರ್ಷಗಳಲ್ಲಿ ನರಸಂಬಂಧಿ ಕಾಯಿಲೆಯಿಂದ ಕೈಕಾಲುಗಳು ಹಿಡಿತಕ್ಕೆ ಸಿಗದಂತಾದಾಗಲೂ ಅವರು ಎಳೆದ ಗೆರೆ ನಡುಗಲಿಲ್ಲ. 1990ರಲ್ಲಿ, ಐವತ್ತಮೂರನೆಯ ವಯಸ್ಸಿನಲ್ಲಿ ತೀರಿಕೊಂಡರು. ಆ ಗೆರೆಗಳ ಫೋಟೋ ನೋಡಿದಾಗಲೆಲ್ಲ ನಾನು ಉಸಿರು ಬಿಗಿಹಿಡಿಯುತ್ತೇನೆ. ಗೆರೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುವಷ್ಟರಲ್ಲಿ ಆ ದಿನ ಆ ಮೈ ಎಷ್ಟು ಹೋರಾಡಿರಬೇಕು ಎಂದು ನೆನೆಯುತ್ತೇನೆ.

ನೀವು ವಿದ್ಯಾರ್ಥಿಯಾದ್ದರಿಂದ ಇನ್ನೊಂದು ಮಾತು. ಕಲಾವಿದ ಎಸ್. ಎಚ್. ರಜಾ ಮಧ್ಯಪ್ರದೇಶದ ಹಳ್ಳಿಯ ಶಾಲೆಯಲ್ಲಿ ಓದುತ್ತಿದ್ದಾಗ ಒಂದು ಕಡೆ ಗಮನವಿಟ್ಟು ಕೂರದ ಹುಡುಗ. ಮೇಷ್ಟ್ರು ಗೋಡೆಯ ಮೇಲೆ ಒಂದು ಚುಕ್ಕಿ ಇಟ್ಟು, ಅದನ್ನೇ ನೋಡುತ್ತಿರು ಎಂದು ಕೂರಿಸಿದರು. ದಶಕಗಳು ಕಳೆದು, ಫ್ರಾನ್ಸ್‌ನಲ್ಲಿ ಹೆಸರು ಮಾಡಿದ ಮೇಲೂ ಒಳಗೆ ಏನೋ ಸಾಲದೆಂದು ತೊಳಲಾಡಿದ ರಜಾ 1980ರ ಹೊತ್ತಿಗೆ ಆ ಚುಕ್ಕಿಗೆ ಮರಳಿದರು. 2016ರಲ್ಲಿ ಕಣ್ಮುಚ್ಚುವವರೆಗೆ ಬಿಂದುವೇ ಅವರ ಚಿತ್ರಗಳ ನಡುಮನೆಯಾಯಿತು. ಚುಕ್ಕಿ ಇಡುವುದು ಯಾರಿಗೂ ಕಷ್ಟವಲ್ಲ. ಅದರೆದುರು ಅಷ್ಟು ವರ್ಷ ಬೇಸರವಿಲ್ಲದೆ ಕೂರುವುದು ನಿಮ್ಮಿಂದ ಆಗುತ್ತದೆಯೇ ಎಂದು ಒಂದು ವಾರ ಪ್ರಯತ್ನಿಸಿ ನನಗೆ ಬರೆಯಿರಿ.

ಪ್ರಶ್ನೆ: ನಮ್ಮದು ಕೂಡು ಕುಟುಂಬ. ದಿನಕ್ಕೆ ಮುಕ್ಕಾಲು ಗಂಟೆ ಬಾಗಿಲು ಹಾಕಿಕೊಂಡು ಚಿತ್ರ ಬರೆಯುತ್ತೇನೆ. ಬರೆದದ್ದನ್ನು ಯಾರಿಗೂ ತೋರಿಸುವ ಮನಸ್ಸಿಲ್ಲ. "ಮನೆ ತುಂಬ ಜನ ಇರುವಾಗ ಬಾಗಿಲು ಹಾಕುವುದು ಯಾಕೆ?" ಎಂದು ಅತ್ತೆ ಬೇಸರಪಟ್ಟುಕೊಳ್ಳುತ್ತಾರೆ. ಇದು ಸ್ವಾರ್ಥವೇ?
— ಗೃಹಿಣಿ, ನಾಪೋಕ್ಲು

ಉತ್ತರ: ಇಲ್ಲ ತಂಗಿ. ನಿಮ್ಮ ಅತ್ತೆಯವರಿಗೆ ಇದನ್ನು ತಿಳಿಸಲು ದೂರದ ಉದಾಹರಣೆ ಬೇಕಾಗಿಯೂ ಇಲ್ಲ. ಕೊಡಗಿನಲ್ಲಿ ಸಾವಿರದ ಇನ್ನೂರಕ್ಕೂ ಹೆಚ್ಚು ದೇವರಕಾಡುಗಳಿವೆ. ತೋಟಕ್ಕೆ, ಗದ್ದೆಗೆ, ಸೌದೆಗೆ ಪ್ರತಿಯೊಂದು ಗೇಣು ನೆಲವೂ ಬೇಕಾಗಿದ್ದ ಕಾಲದಲ್ಲಿ ನಮ್ಮ ಹಿರಿಯರು ಊರ ಪಕ್ಕದಲ್ಲಿಯೇ ಒಂದಿಷ್ಟು ಕಾಡನ್ನು ಕೊಡಲಿ ಮುಟ್ಟದ ಹಾಗೆ ಬಿಟ್ಟರು. ಅಲ್ಲಿಗೆ ಸುಮ್ಮಸುಮ್ಮನೆ ಹೋಗುವಂತಿಲ್ಲ, ಹೋದರೂ ಚಪ್ಪಲಿ ಕಳಚಿ ಹೋಗಬೇಕು. ಊರಿನ ನೀರು, ನೆರಳು ಉಳಿದದ್ದು ಹಾಗೆ ಬಿಟ್ಟದ್ದರಿಂದಲೂ ಹೌದು. ದಿನದಲ್ಲಿ ಮುಕ್ಕಾಲು ಗಂಟೆಯನ್ನು ಯಾವ ಉಪಯೋಗಕ್ಕೂ ಕೊಡದೆ ಬಿಟ್ಟುಕೊಳ್ಳುವುದನ್ನು ನಾನು ಆ ಸಾಲಿನಲ್ಲಿಯೇ ಕಾಣುತ್ತೇನೆ.

ತೋರಿಸದೆ ಇರುವುದೂ ಒಂದು ಹಳೆಯ ಮರ್ಯಾದೆ. ಸ್ವೀಡನ್ನಿನ ಹಿಲ್ಮಾ ಆಫ್ ಕ್ಲಿಂಟ್ 1906ರಲ್ಲಿಯೇ, ಕ್ಯಾಂಡಿನ್‌ಸ್ಕಿಗಿಂತ ಮೊದಲೇ, ವಸ್ತುಗಳನ್ನು ಬಿಟ್ಟ ಚಿತ್ರಗಳನ್ನು ಆರಂಭಿಸಿದ್ದರು. ತಾವು ಸತ್ತು 20 ವರ್ಷವಾಗುವವರೆಗೆ ಅವುಗಳನ್ನು ಯಾರಿಗೂ ತೋರಿಸಬಾರದೆಂದು ಬರೆದಿಟ್ಟು 1944ರಲ್ಲಿ ತೀರಿಕೊಂಡರು. ಸಾರ್ವಜನಿಕರು ಅವುಗಳನ್ನು ಕಂಡದ್ದು 1986ರಲ್ಲಿ. ಹಾಗೆಂದು ಬಾಗಿಲು ಹಾಕಿಕೊಳ್ಳುವುದರಿಂದ ಅತ್ತೆಗೆ ಆಗುತ್ತಿರುವ ನೋವನ್ನು ಕಡೆಗಣಿಸಬೇಡಿ. ಅವರ ಕಾಲದಲ್ಲಿ ಹೆಣ್ಣುಮಕ್ಕಳು ಬಾಗಿಲು ಹಾಕಿಕೊಳ್ಳುತ್ತಿದ್ದದ್ದು ಅಳುವುದಕ್ಕೆ ಮಾತ್ರ ಇರಬಹುದು. ಒಂದು ದಿನ ಬಾಗಿಲು ತೆರೆದಿಟ್ಟು ಬರೆಯಿರಿ. ಅವರು ಬಂದು ಕೂತರೆ ಒಂದು ಹಾಳೆ ಅವರಿಗೂ ಕೊಡಿ. ಇಬ್ಬರೂ ಮಾತಾಡದೆ ಒಂದೇ ಕೋಣೆಯಲ್ಲಿ ಬರೆಯುವುದು ಸಾಧ್ಯ.

ಪ್ರಶ್ನೆ: ಭಾಗಮಂಡಲದ ಮಳೆಯಲ್ಲಿ ನನ್ನ ಹಾಳೆಗಳಿಗೆಲ್ಲ ಬೂಷ್ಟು ಹಿಡಿಯುತ್ತಿದೆ, ಬಣ್ಣವೂ ಒಣಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬರೆಯುವುದನ್ನೇ ನಿಲ್ಲಿಸಬೇಕೇ?
— ಓದುಗರು, ಭಾಗಮಂಡಲ

ಉತ್ತರ: ನಿಲ್ಲಿಸಬೇಡಿ, ಹೊರಗೆ ಕಾಲಿಡಲಾಗದ ಆ ನಾಲ್ಕು ತಿಂಗಳೇ ಬರೆಯಲು ಒಳ್ಳೆಯವು. ಜಲವರ್ಣದಲ್ಲಿ ಗೋಂದು ಇರುವುದರಿಂದ ಬೂಷ್ಟಿಗೆ ಅದು ಬಹಳ ಇಷ್ಟ. ತೈಲವರ್ಣ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಗಟ್ಟಿಯಾಗುವಂಥದ್ದು; ನಮ್ಮ ಚಳಿಗೆ ಒಂದೊಂದು ಪದರಕ್ಕೂ ದಿನಗಟ್ಟಲೆ ಕಾಯಬೇಕಾಗುತ್ತದೆ. ಅಕ್ರಿಲಿಕ್‌ನಲ್ಲಿ ನೀರು ಆರಿದರೆ ಸಾಕು, ಮಂಜಿನ ದಿನಗಳಲ್ಲಿಯೂ ಕೆಲವು ಗಂಟೆಗಳಲ್ಲಿ ಒಣಗುತ್ತದೆ. ಆದ್ದರಿಂದ ಮಳೆಗಾಲಕ್ಕೆ ಅಕ್ರಿಲಿಕ್ಕೇ ಸರಿ. ತೆಳು ಡ್ರಾಯಿಂಗ್ ಹಾಳೆಯ ಬದಲು 300 ಜಿಎಸ್‌ಎಂ ದಪ್ಪದ ಹಾಳೆ ಕಡಿಮೆ ಸಂಖ್ಯೆಯಲ್ಲಿ ಕೊಳ್ಳಿ. ನಿಧಾನವಾಗಿ ಒಣಗುವುದನ್ನು ತೊಂದರೆಯೆಂದೇ ಎಣಿಸಬೇಡಿ. ಒಂದು ಪದರಕ್ಕೂ ಇನ್ನೊಂದಕ್ಕೂ ನಡುವೆ ಮಳೆ ನಿಮಗೆ ಕೊಡುವ ಹೊತ್ತು ನೋಡುವುದಕ್ಕೆ ಇರುವ ಹೊತ್ತು.

ಒಲೆಯ ಮೇಲಿನ ಅಟ್ಟದಲ್ಲಿ ಇಡಬೇಡಿ, ಮಸಿ ಹಿಡಿಯುತ್ತದೆ. ಹೊರಗೋಡೆಗೆ ತಾಗದಂತೆ ಮರದ ಕಪಾಟಿನಲ್ಲಿ, ನಡುವೆ ಬಿಳಿ ಹಾಳೆ ಹಾಕಿ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ತೇವವಿರುವಾಗ ಪ್ಲಾಸ್ಟಿಕ್‌ನಲ್ಲಿ ಕಟ್ಟಿಟ್ಟರೆ ಬೂಷ್ಟು ಇನ್ನೂ ಬೇಗ ಬರುತ್ತದೆ. ಮದ್ದು ಸೊಪ್ಪಿನ ರಸದಲ್ಲಿ ಬರೆದು ನೋಡಿದ್ದೇನೆ. ಮೊದಲ ದಿನದ ನೇರಳೆ ಕೆಲವು ವಾರಗಳಲ್ಲಿ ಕಂದಿ ಬೂದಿಯಾಯಿತು, ಆದರೂ ಆ ಹಾಳೆಯನ್ನು ಎಸೆಯಲು ಮನಸ್ಸಾಗಿಲ್ಲ. ಬಂದ ಬೂಷ್ಟನ್ನು ಒದ್ದೆ ಬಟ್ಟೆಯಿಂದ ಒರೆಸಬೇಡಿ. ಹಾಳೆ ಪೂರ್ತಿ ಒಣಗಿದ ಮೇಲೆ ಮನೆಯ ಹೊರಗೆ ನಿಂತು ಮೂಗಿಗೆ ಬಟ್ಟೆ ಕಟ್ಟಿಕೊಂಡು ಮೆತ್ತನೆಯ ಕುಂಚದಿಂದ ಕೊಡವಿ. ಜನವರಿಯಲ್ಲಿ ಕಣದಲ್ಲಿ ಕಾಫಿ ಹರಡುವ ಹೊತ್ತಿಗೆ ಮಳೆಗಾಲದ ಹಾಳೆಗಳನ್ನೆಲ್ಲ ಜಗಲಿಯ ನೆರಳಿನಲ್ಲಿ, ಬರೆದ ದಿನಗಳ ಕ್ರಮದಲ್ಲಿ ಹರಡಿ ಒಂದು ಹಗಲು ಗಾಳಿಗೆ ಬಿಡಿ. ಯಾವುದನ್ನೂ ತೆಗೆದುಹಾಕುವ ಮೊದಲು ಆ ಸಾಲಿನ ಉದ್ದಕ್ಕೂ ಒಮ್ಮೆ ನಡೆದು ನೋಡಿ.